ಸಾವನದುರ್ಗದ ಸುಳ್ಳು ಗುಹೆಗಳು

ರಾಮನಗರದ ಬಂಡೆಗಳು ಅಂದ್ರೆ ಶೋಲೆ. ಇದರಲ್ಲಿ ಎರಡು ಮಾತಿಲ್ಲ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ತಂಡ ಇಲ್ಲಿ ಬಂದಿಳಿದು, ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ, ಅದಕ್ಕೆ ರಾಮ್‌ಗಢ ಅಂತ ಹೆಸರಿಟ್ಟು, 1975ರ ಆಗಸ್ಟ್ 15ರಂದು ಸಿನಿಮಾ ಬಿಡುಗಡೆ ಮಾಡಿದ ಮೇಲೆ ಈ ಕಲ್ಲುಗಳಿಗೆ ಬೇರೆ ಗುರುತೇ ಉಳಿಯಲಿಲ್ಲ. ಮೈಸೂರು ರಸ್ತೆಯಲ್ಲಿ ಹೋಗುವಾಗ ಕಾರಿನಲ್ಲಿರೋ ಯಾರಾದರೊಬ್ಬರು ಕಿಟಕಿಯಾಚೆ ಬೆರಳು ಮಾಡಿ "ಅದೇ ನೋಡು, ಗಬ್ಬರ್ ಬಂಡೆ" ಅನ್ನದೆ ಇರೋದಿಲ್ಲ. ಸಾಮಾನ್ಯವಾಗಿ ಅವರು ತೋರಿಸಿದ್ದು ಬೇರೆ ಯಾವುದೋ ಬಂಡೆ ಆಗಿರುತ್ತೆ. ಯಾರೂ ಜಗಳ ಆಡಲ್ಲ.

ಇದೇ ಬಂಡೆಸಾಲಿನಲ್ಲಿ ಶೋಲೆಯ ಹತ್ತು ವರ್ಷದ ನಂತರ ಇನ್ನೊಂದು ಸಿನಿಮಾದ ಚಿತ್ರೀಕರಣ ನಡೆಯಿತು. ಅದರಲ್ಲಿ ಡಕಾಯಿತರಿಲ್ಲ. ಆದರೆ ಹೆದರಿಕೆಯ ವಿಷಯದಲ್ಲಿ ಅದು ಗಬ್ಬರನಿಗಿಂತ ಒಂದು ಹೆಜ್ಜೆ ಮುಂದೆ. ಗಬ್ಬರ್ ಎದುರಿಗೆ ನಿಂತಿರುತ್ತಾನೆ, ಅವನಿಗೆ ಹೆದರೋದರಲ್ಲಿ ಅರ್ಥ ಇದೆ. ಈ ಸಿನಿಮಾದಲ್ಲಿ ಎದುರಿಗೆ ಯಾರೂ ಇಲ್ಲ. ಒಂದು ಕತ್ತಲ ಗುಹೆ, ಒಂದು ಬೆಂಕಿಕಡ್ಡಿ, ಬಾಗಿಲಲ್ಲಿ ಒಂದು ನೆರಳು. ಅಷ್ಟಕ್ಕೆ ಒಬ್ಬ ಮನುಷ್ಯನ ಬದುಕು ಹಾಳಾಗುತ್ತೆ.

ನಾನು ಹೇಳ್ತಿರೋದು ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' ಬಗ್ಗೆ. 1984ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಚಿತ್ರ. ಆಸ್ಕರ್‌ಗೆ 11 ನಾಮನಿರ್ದೇಶನ, ಎರಡು ಪ್ರಶಸ್ತಿ. ಪೋಷಕ ನಟಿಯಾಗಿ ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಒಂದು, ಸಂಗೀತಕ್ಕಾಗಿ ಮೊರೀಸ್ ಜಾರ್‌ಗೆ ಇನ್ನೊಂದು. ಇದರ ದೊಡ್ಡ ಭಾಗ ತಯಾರಾದದ್ದು ಬೆಂಗಳೂರಿನಲ್ಲಿ ಮತ್ತು ಬೆಂಗಳೂರಿನ ಸುತ್ತಮುತ್ತ. ಕಥೆಯ ಚಂದ್ರಾಪುರ ಪೇಟೆಯ ಸೆಟ್ ಎದ್ದದ್ದು ನಮ್ಮ ಅರಮನೆ ಮೈದಾನದಲ್ಲಿ. ಬೆಟ್ಟಕ್ಕೆ ಹೋಗುವ ರೈಲು ನೀಲಗಿರಿಯದು. ಕಥೆಯ ಹೃದಯವಾದ 'ಮರಬಾರ್ ಗುಹೆಗಳು' ಮಾತ್ರ ನಮ್ಮ ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಇ. ಎಂ. ಫಾರ್ಸ್ಟರ್ 1924ರಲ್ಲಿ ಬರೆದ ಕಾದಂಬರಿ ಇದು. ಅಡೆಲಾ ಕ್ವೆಸ್ಟೆಡ್ ಅನ್ನೋ ಇಂಗ್ಲಿಷ್ ಹುಡುಗಿ, ಚಂದ್ರಾಪುರದ ಮ್ಯಾಜಿಸ್ಟ್ರೇಟನನ್ನು ಮದುವೆಯಾಗೋ ಯೋಚನೆಯಲ್ಲಿ ಭಾರತಕ್ಕೆ ಬರ್ತಾಳೆ. ಅವಳಿಗೆ 'ನಿಜವಾದ ಭಾರತ' ನೋಡಬೇಕು. ಡಾಕ್ಟರ್ ಅಜೀಜ್ ಅನ್ನೋ ಸಂಕೋಚದ, ಸ್ವಲ್ಪ ಅತಿ ಉತ್ಸಾಹದ ವೈದ್ಯ ಬಾಯಿತಪ್ಪಿ ಎಲ್ಲರನ್ನೂ ಗುಹೆಗಳಿಗೆ ಪಿಕ್‌ನಿಕ್ ಕರೀತಾನೆ. ಕರೆದ ಮೇಲೆ ಮರ್ಯಾದೆ ಪ್ರಶ್ನೆ ಅಂತ ಕೈಮೀರಿ ಖರ್ಚು ಮಾಡಿ ಕರ್ಕೊಂಡು ಹೋಗ್ತಾನೆ. ಅಲ್ಲಿ ಅಡೆಲಾ ಒಬ್ಬಳೇ ಒಂದು ಗುಹೆಯೊಳಗೆ ಹೋಗ್ತಾಳೆ. ಸ್ವಲ್ಪ ಹೊತ್ತಿಗೆ ಕಳ್ಳಿಗಿಡಗಳ ನಡುವೆ ಬಿದ್ದು, ಮೈತುಂಬ ಮುಳ್ಳು ಚುಚ್ಚಿಸಿಕೊಂಡು, ಬೆಟ್ಟ ಇಳಿದು ಓಡ್ತಾಳೆ. ಅಜೀಜ್ ವಾಪಸ್ ಬಂದು ರೈಲಿನಿಂದ ಇಳಿಯೋ ಹೊತ್ತಿಗೆ ಪೊಲೀಸರು ಕಾಯ್ತಾ ಇರ್ತಾರೆ. ಗುಹೆಯಲ್ಲಿ ಅವಳ ಮೇಲೆ ಕೈ ಮಾಡಿದ ಅಂತ ಆರೋಪ.

ಗುಹೆಯೊಳಗೆ ಏನಾಯಿತು? ಫಾರ್ಸ್ಟರ್ ಕೊನೆವರೆಗೂ ಹೇಳಲಿಲ್ಲ. ಮೊದಲ ಕರಡುಗಳಲ್ಲಿ ಯಾರೋ ಒಬ್ಬ ಅವಳ ಮೇಲೆ ಎರಗುವ ದೃಶ್ಯ ಇತ್ತು, ಆಮೇಲೆ ಅದನ್ನು ತೆಗೆದುಹಾಕಿ ಆ ಜಾಗವನ್ನು ಖಾಲಿ ಬಿಟ್ಟ. ಕೇಳಿದ ಗೆಳೆಯನಿಗೆ, ಆ ಭಾಗ ಬರೆಯುವಾಗ ತನ್ನ ಮನಸ್ಸು ಬೇಕಂತಲೇ ಮಸುಕಾಗಿರುತ್ತೆ ಅನ್ನೋ ಅರ್ಥದಲ್ಲಿ ಉತ್ತರ ಬರೆದ. ಅಂದ್ರೆ ಇಡೀ ಕಾದಂಬರಿ ನಿಂತಿರೋದು ಒಂದು ಖಾಲಿ ಜಾಗದ ಮೇಲೆ. ಆ ಖಾಲಿ ಜಾಗವನ್ನು ಊರಿನ ಜನ ತಮ್ಮ ತಮ್ಮ ಹೆದರಿಕೆಯಿಂದ ತುಂಬ್ತಾರೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಫಾರ್ಸ್ಟರ್ ಮನಸ್ಸಿನಲ್ಲಿಟ್ಟುಕೊಂಡಿದ್ದ ನಿಜವಾದ ಗುಹೆಗಳು ಬಿಹಾರದಲ್ಲಿ ಗಯಾ ಹತ್ತಿರದ ಬರಾಬರ್ ಗುಡ್ಡಗಳಲ್ಲಿವೆ. 1913ರ ಜನವರಿಯಲ್ಲಿ ಅವನು ಅವುಗಳನ್ನು ನೋಡಿದ್ದ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ, ಅಶೋಕನ ಕಾಲದಲ್ಲಿ, ಆಜೀವಿಕ ಸನ್ಯಾಸಿಗಳಿಗಾಗಿ ಗ್ರಾನೈಟಿನಲ್ಲಿ ಕಡೆದ ಗುಹೆಗಳು. ಒಳಗೋಡೆಗಳಿಗೆ ಕನ್ನಡಿಯ ಹಾಗೆ ಪಾಲಿಶ್. ಬೆಂಕಿಕಡ್ಡಿ ಗೀರಿದ್ರೆ ಗೋಡೆಯೊಳಗಿಂದ ಇನ್ನೊಂದು ಜ್ವಾಲೆ ಎದುರಾಗಿ ಬಂದ ಹಾಗೆ ಕಾಣುತ್ತೆ. ಸದ್ದು ಮಾಡಿದ್ರೆ ತುಂಬ ಹೊತ್ತು ಪ್ರತಿಧ್ವನಿ. ಕಾದಂಬರಿಯಲ್ಲಿ ಫಾರ್ಸ್ಟರ್ ಈ ಎರಡನ್ನೂ ಬಳಸಿಕೊಂಡ. ಅವನ ಗುಹೆಯಲ್ಲಿ ನೀವು ಏನೇ ಹೇಳಿ, ದೇವರ ಹೆಸರು ಹೇಳಿ, ಬೈಗುಳ ಹೇಳಿ, ಸುಮ್ಮನೆ ಕೆಮ್ಮಿ, ವಾಪಸ್ ಬರೋದು ಒಂದೇ ಮಂದ ಸದ್ದು.

ಲೀನ್ ಚಿತ್ರೀಕರಣಕ್ಕೆ ಮೊದಲು ಬರಾಬರ್‌ಗೆ ಹೋಗಿ ನೋಡಿದ. ಕ್ಯಾಮೆರಾ ಕಣ್ಣಿಗೆ ಆ ಗುಡ್ಡಗಳು ಸಪ್ಪೆ ಅನ್ನಿಸಿದವು. ಜೊತೆಗೆ ಆ ಕಡೆ ಡಕಾಯಿತರ ಭಯ. ಅವನಿಗೆ ಬೇಕಾಗಿದ್ದು ದೂರದಿಂದ ನೋಡಿದ್ರೇನೆ ಎದೆ ಝಲ್ ಅನ್ನಿಸೋ ಬೆಟ್ಟ. ಅದು ಸಿಕ್ಕಿದ್ದು ಮಾಗಡಿ ಹತ್ತಿರ. ಸಾವನದುರ್ಗವನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಬೋಳು ಗುಂಡು, ಕ್ಲೋಸ್‌ಪೇಟೆ ಗ್ರಾನೈಟ್. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಭೂವಿಜ್ಞಾನಿಗಳು ಅದನ್ನೇ ಈ ಕಲ್ಲಿಗೂ ಇಟ್ಟರು. ವಯಸ್ಸು ಸುಮಾರು 250 ಕೋಟಿ ವರ್ಷ.

ಸಮಸ್ಯೆ ಏನಪ್ಪಾ ಅಂದ್ರೆ, ಬೆಟ್ಟ ಸಿಕ್ಕಿತು, ಅಂಥ ಗುಹೆಗಳು ಸಿಗಲಿಲ್ಲ. ಹಾಗಾಗಿ ಚಿತ್ರತಂಡ ಬಂಡೆಯಲ್ಲಿ ಸಣ್ಣ ಸಣ್ಣ ಬಾಯಿಗಳನ್ನು ಕೊರೆಸಿತು. ಹೊರಗಿನಿಂದ ನೋಡಿದ್ರೆ ಗುಹೆಯ ಬಾಗಿಲು, ಹಿಂದೆ ಗುಹೆಯೇ ಇಲ್ಲ. ಚಿತ್ರದ ಒಳಾಂಗಣ ದೃಶ್ಯಗಳಲ್ಲಿ ಕೆಲವನ್ನು ಇಂಗ್ಲೆಂಡಿನ ಸ್ಟುಡಿಯೋಗಳಲ್ಲಿ ತೆಗೆದರು. ಯೋಚನೆ ಮಾಡಿ. ಒಳಗೆ ಏನೂ ನಡೆಯದ ಗುಹೆಯ ಕಥೆಗೆ ಒಳಗೆ ಏನೂ ಇಲ್ಲದ ಗುಹೆ. ಆದರೂ ತೆರೆಯ ಮೇಲೆ ಆ ಕಪ್ಪು ಬಾಯಿಗಳನ್ನು ನೋಡಿದಾಗ ಹೆದರಿಕೆ ಆಗುತ್ತೆ. ನನಗೂ ಆಯಿತು, ಅದೂ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕಾಫಿ ಕುಡೀತಾ ನೋಡುವಾಗ.

ಇದು ಹೇಗೆ ಸಾಧ್ಯ ಆಯಿತು ಅಂತ ತಿಳಿಯೋಕೆ ಲೀನ್‌ನ ಬಾಲ್ಯಕ್ಕೆ, ಮೂಕಿ ಸಿನಿಮಾಗಳ ಕಾಲಕ್ಕೆ ಹೋಗಬೇಕು.

ಲೀನ್ ಹುಟ್ಟಿದ್ದು 1908ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಕ್ವೇಕರ್ ಪಂಥದ ಮನೆ. ಸಿನಿಮಾ ಅಂದ್ರೆ ಪಾಪ. ನಮ್ಮಲ್ಲೂ ಒಂದು ಕಾಲದಲ್ಲಿ "ನಾಟಕ, ಸಿನಿಮಾ ಅಂತ ತಿರುಗಿದ್ರೆ ಹಾಳಾಗ್ತೀಯ" ಅಂತಿದ್ದರಲ್ಲ, ಹಾಗೆ. ಹದಿಮೂರನೇ ವಯಸ್ಸಿನಲ್ಲಿ ಹುಡುಗ ಕೊನೆಗೂ ಥಿಯೇಟರಿಗೆ ಹೋದ. ನೋಡಿದ ಮೊದಲ ಚಿತ್ರ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್'. 1921ರ ಮೂಕಿ ಚಿತ್ರ, ನಿರ್ದೇಶಕ ಮೊರೀಸ್ ಎಲ್ವಿ, ಷರ್ಲಾಕ್ ಹೋಮ್ಸ್ ಪಾತ್ರದಲ್ಲಿ ಐಲ್ ನಾರ್‌ವುಡ್. ಹೋಮ್ಸ್ ಓದಿದವರಿಗೆ ಕಥೆ ಗೊತ್ತು. ಜೌಗು ಬಯಲಿನ ನಡುವೆ ಒಂದು ಹಳೇ ಮನೆತನ, ಅದರ ಬೆನ್ನಿಗೆ ಬಿದ್ದಿರೋ ದೆವ್ವದ ನಾಯಿ. ಬಾಯಲ್ಲಿ ಬೆಂಕಿ ಕಾರುವ ಆ ನಾಯಿಯನ್ನು ನೋಡಿಯೇ ಜನ ಸಾಯ್ತಾರೆ. ಕೊನೆಗೆ ನೋಡಿದ್ರೆ ಅದು ದೆವ್ವ ಅಲ್ಲ, ಮೈಗೆ ರಂಜಕ ಬಳಿದ ಸಾಮಾನ್ಯ ನಾಯಿ. ಹಿಡಿದು ಬಿಟ್ಟವನು ಪಕ್ಕದಲ್ಲೇ ಚಿಟ್ಟೆ ಹಿಡಿದುಕೊಂಡು ಓಡಾಡ್ತಿದ್ದ ಸಾಧು ಮನುಷ್ಯ. ಯಾರಿಗೆ ಹೆದರಬೇಕಿತ್ತೋ ಅವನಿಗೆ ಯಾರೂ ಹೆದರಲಿಲ್ಲ. ಹೆದರಿದ್ದು ಬಣ್ಣ ಬಳಿದ ನಾಯಿಗೆ.

ಇಂಥ ಕಥೆಗಳು ಸಿನಿಮಾಕ್ಕೆ ಹೊಸದೇನಲ್ಲ. 1896ರಲ್ಲಿ ಲೂಮಿಯೇರ್ ಸಹೋದರರ ರೈಲು ತೆರೆಯ ಮೇಲೆ ಬಂದಾಗ ಪ್ಯಾರಿಸ್ಸಿನ ಜನ ಕುರ್ಚಿ ಬಿಟ್ಟು ಓಡಿದರು ಅನ್ನೋ ಕಥೆ ನೀವು ಕೇಳಿರ್ತೀರಿ. ಅದೇ ರೈಲು ಅದೇ ವರ್ಷ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿಗೂ ಬಂತು. ಪ್ಯಾರಿಸ್ಸಿನ ಓಟದ ಕಥೆಗೆ ಗಟ್ಟಿ ಪುರಾವೆ ಇಲ್ಲ ಅಂತ ಇತ್ತೀಚಿನ ಸಿನಿಮಾ ಇತಿಹಾಸಕಾರರು ಹೇಳ್ತಾರೆ. ಆದರೆ ಆ ಕಥೆಯನ್ನು ಸಿನಿಮಾದವರೇ ಬೇಗ ಬೇಗ ಸಿನಿಮಾ ಮಾಡಿಬಿಟ್ಟರು! 1901ರಲ್ಲಿ ಇಂಗ್ಲೆಂಡಿನ ರಾಬರ್ಟ್ ಪಾಲ್ ಒಂದು ಪುಟ್ಟ ಚಿತ್ರ ತೆಗೆದ. 1902ರಲ್ಲಿ ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ ಅದನ್ನೇ 'ಅಂಕಲ್ ಜೋಶ್ ಅಟ್ ದಿ ಮೂವಿಂಗ್ ಪಿಕ್ಚರ್ ಶೋ' ಅಂತ ಮತ್ತೆ ಮಾಡಿದ. ಹಳ್ಳಿ ಗಮಾರನೊಬ್ಬ ಸಿನಿಮಾ ನೋಡೋಕೆ ಬಂದು, ತೆರೆಯ ರೈಲಿಗೆ ಹೆದರಿ ಹಾರ್ತಾನೆ, ಕೊನೆಗೆ ತೆರೆಯನ್ನೇ ಹರಿದುಹಾಕ್ತಾನೆ. ಪೇಟೆಯ ಜನ ಅದನ್ನು ನೋಡಿ ನಕ್ಕರು. ತೆರೆಯಲ್ಲಿ ಕಂಡದ್ದನ್ನು ನಿಜ ಅಂದುಕೊಳ್ಳೋನು ಹಳ್ಳಿಯವನು, ನಾವಲ್ಲ ಅನ್ನೋದು ಆ ನಗುವಿನ ಗುಟ್ಟು. ಈ ನಗುವನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ಲೀನ್ 1927ರಲ್ಲಿ ಗೋಮಾಂಟ್ ಸ್ಟುಡಿಯೋದಲ್ಲಿ ಚಹಾ ತಂದುಕೊಡೋ ಹುಡುಗನಾಗಿ ಸೇರಿದ. ಕ್ಲಾಪ್ ಹಿಡಿದು ನಿಂತ ಆರಂಭದ ಚಿತ್ರದ ನಿರ್ದೇಶಕ ಯಾರು ಗೊತ್ತಾ? ಅದೇ ಮೊರೀಸ್ ಎಲ್ವಿ. ಆಮೇಲೆ ಎಡಿಟರ್ ಆದ, ನಿರ್ದೇಶಕ ಆದ, 'ಬ್ರಿಜ್ ಆನ್ ದಿ ರಿವರ್ ಕ್ವಾಯ್', 'ಲಾರೆನ್ಸ್ ಆಫ್ ಅರೇಬಿಯಾ' ಮಾಡಿದ. ಆದರೆ ಕೆಲಸ ಕಲಿತದ್ದು ಮಾತಿಲ್ಲದ ಸಿನಿಮಾದ ಕೊನೆಯ ದಿನಗಳಲ್ಲಿ. 'ಎ ಪ್ಯಾಸೇಜ್ ಟು ಇಂಡಿಯಾ' ಅವನ ಕೊನೆಯ ಚಿತ್ರ, ಎಡಿಟಿಂಗನ್ನೂ ತಾನೇ ಮಾಡಿದ. ಸಾವನದುರ್ಗದ ಗುಹೆಯ ದೃಶ್ಯವನ್ನು ಒಮ್ಮೆ ಸೌಂಡ್ ಆಫ್ ಮಾಡಿ ನೋಡಿ. ಎಲ್ಲಾ ಅರ್ಥ ಆಗುತ್ತೆ. ಕತ್ತಲಲ್ಲಿ ಬೆಂಕಿಕಡ್ಡಿಯ ಬೆಳಕು. ಅಡೆಲಾಳ ಮುಖ. ಗುಹೆಯ ಬಾಯಲ್ಲಿ ಬಿಸಿಲಿನ ಎದುರು ಒಂದು ಆಕಾರ. ಬೆಳಕು ಹಿಂದಿನಿಂದ ಬಂದಾಗ ಯಾವ ಮುಖವೂ ಕಾಣೋದಿಲ್ಲ, ಬರೀ ಕಪ್ಪು ಗೆರೆ. ಅದು ಅವಳನ್ನು ಹುಡುಕಿಕೊಂಡು ಬಂದ ಅಜೀಜ್. ಅವನು ಮಾಡ್ತಾ ಇರೋದು ಅವಳ ಹೆಸರು ಹಿಡಿದು ಕರೆಯೋದು ಅಷ್ಟೇ. ಆದರೆ ಒಳಗಿನಿಂದ ನೋಡೋರಿಗೆ ಅವನು ಮನುಷ್ಯ ಅಲ್ಲ, ಆಕಾರ.

ಲೀನ್ ಇನ್ನೊಂದು ಕೆಲಸ ಮಾಡಿದ. ಕಾದಂಬರಿಯಲ್ಲಿ ಇಲ್ಲದ ಒಂದು ದೃಶ್ಯ ಸೇರಿಸಿದ. ಗುಹೆಗೆ ಹೋಗೋಕೆ ಮೊದಲೇ ಅಡೆಲಾ ಒಂದು ದಿನ ಒಬ್ಬಳೇ ಸೈಕಲ್ ಹತ್ತಿ ಹೋಗಿ, ಪಾಳುಬಿದ್ದ ಒಂದು ಗುಡಿಯ ಶೃಂಗಾರ ಶಿಲ್ಪಗಳನ್ನು ನೋಡ್ತಾಳೆ. ಮೇಲಿಂದ ಮಂಗಗಳ ಹಿಂಡು ಕಿರುಚಿಕೊಂಡು ಇಳಿಯುತ್ತೆ. ಹೆದರಿ ಮನೆಗೆ ಬರ್ತಾಳೆ. ಯಾರಿಗೂ ಏನೂ ಹೇಳಲ್ಲ. ಅಂದ್ರೆ ಗುಹೆಯೊಳಗೆ ಹೋಗುವಾಗ ಅವಳ ಕೈಯಲ್ಲಿದ್ದದ್ದು ಬರೀ ಬೆಂಕಿಕಡ್ಡಿ ಅಲ್ಲ, ಹೆದರಿಕೆಯನ್ನೂ ತಗೊಂಡೇ ಹೋಗಿದ್ದಳು. ಬರಾಬರ್‌ನ ಪಾಲಿಶ್ ಗೋಡೆಯ ಹಾಗೆ ಎದುರಿಗೆ ಬಂದದ್ದು ಅವಳದೇ ಜ್ವಾಲೆ.

ನಮಗೆ ಈ ವಿಚಾರ ಹೊಸದಲ್ಲ. ಹಗ್ಗ ನೋಡಿ ಹಾವು ಅಂದುಕೊಂಡವನ ಉದಾಹರಣೆಯನ್ನು ಶಂಕರಾಚಾರ್ಯರ ಕಾಲದಿಂದ ಕೇಳ್ತಾ ಬಂದಿದ್ದೀವಿ. ದೀಪ ತಂದ್ರೆ ಹಾವು ಮಾಯ, ಹೆದರಿಕೆ ಮಾಯ, ಕಥೆ ಮುಗಿಯಿತು. ನನಗೆ ಈ ಉದಾಹರಣೆಯಲ್ಲಿ ಯಾವಾಗಲೂ ಒಂದು ಕೊರತೆ ಕಾಣುತ್ತೆ. ಅದು ಹೆದರಿದವನ ಕಥೆ. ದೀಪ ಬರೋ ಮೊದಲು ಅವನು ದೊಣ್ಣೆ ತಗೊಂಡು ನಾಲ್ಕು ಬಾರಿಸಿದ್ರೆ? ಹಗ್ಗಕ್ಕೆ ನೋವಾಗಲ್ಲ, ಆದ್ದರಿಂದ ಯಾರೂ ಕೇಳಲ್ಲ. ಹಗ್ಗದ ಜಾಗದಲ್ಲಿ ಮನುಷ್ಯ ಇದ್ದಾಗ ಅದೇ ಮೊದಲು ಕೇಳಬೇಕಾದ ಪ್ರಶ್ನೆ.

ಕಾದಂಬರಿಯಲ್ಲಿ ಫಾರ್ಸ್ಟರ್ ಈ ಪ್ರಶ್ನೆ ಕೇಳಿದ. ಕೋರ್ಟಿನಲ್ಲಿ ಅಡೆಲಾ ಸಾಕ್ಷಿ ಹೇಳ್ತಾ ಹೇಳ್ತಾ, ಮನಸ್ಸಿನಲ್ಲಿ ಮತ್ತೊಮ್ಮೆ ಗುಹೆಯವರೆಗೆ ನಡೆದು ಹೋಗಿ, ಅಜೀಜ್ ತನ್ನ ಹಿಂದೆ ಒಳಗೆ ಬರಲೇ ಇಲ್ಲ ಅಂತ ಒಪ್ಪಿಕೊಳ್ತಾಳೆ. ಸಣ್ಣ ಧೈರ್ಯ ಅಲ್ಲ ಅದು, ಅವಳ ಜನ ಅವಳನ್ನು ಅಲ್ಲೇ ಕೈಬಿಡ್ತಾರೆ. ದೀಪ ಬಂತು, ಹಾವು ಮಾಯ ಆಯಿತು. ಆದರೆ ಅಜೀಜ್? ಬಿಡುಗಡೆಯಾದ ಮೇಲೂ ಅವನು ಹಳೇ ಅಜೀಜ್ ಆಗಲಿಲ್ಲ. ಊರು ಬಿಟ್ಟ, ಬ್ರಿಟಿಷರ ನೆರಳು ಕಡಿಮೆ ಇರೋ ಒಂದು ಸಂಸ್ಥಾನಕ್ಕೆ ಹೋಗಿ ಸೇರಿದ. ತನ್ನ ಪರ ನಿಂತ ಒಬ್ಬನೇ ಇಂಗ್ಲಿಷ್ ಗೆಳೆಯನ ಜೊತೆಗೂ ಸಲಿಗೆ ಮೊದಲಿನ ಹಾಗೆ ಉಳಿಯಲಿಲ್ಲ. ಸಿನಿಮಾದಲ್ಲಿ ಲೀನ್ ಈ ಕೊನೆಯನ್ನು ಮೃದು ಮಾಡಿ, ಕಾಶ್ಮೀರದ ಹಿಮದ ಬೆಟ್ಟಗಳ ಎದುರು ರಾಜಿ ಮಾಡಿಸ್ತಾನೆ. ಕಾದಂಬರಿಯೇ ಹೆಚ್ಚು ನಿಜ ಅಂತ ನನ್ನ ಅನಿಸಿಕೆ.

ಫಾರ್ಸ್ಟರ್ ಇದನ್ನೆಲ್ಲ ಗಾಳಿಯಲ್ಲಿ ಕಲ್ಪಿಸಿಕೊಂಡದ್ದಲ್ಲ. ಪುಸ್ತಕ ಬರೋಕೆ ಐದು ವರ್ಷ ಮೊದಲು, 1919ರ ಏಪ್ರಿಲ್ 10ರಂದು ಅಮೃತಸರದ ಒಂದು ಗಲ್ಲಿಯಲ್ಲಿ ಮಾರ್ಸೆಲಾ ಶೆರ್‌ವುಡ್ ಅನ್ನೋ ಮಿಷನರಿ ಮಹಿಳೆಯ ಮೇಲೆ ಗುಂಪು ಹಲ್ಲೆ ಮಾಡಿತು. ಅದು ನಿಜವಾದ ಹಲ್ಲೆ, ಭ್ರಮೆ ಅಲ್ಲ. ಅವರನ್ನು ಎತ್ತಿಕೊಂಡು ಉಳಿಸಿದವರೂ ಭಾರತೀಯರೇ. ಮೂರು ದಿನಕ್ಕೆ ಜಲಿಯನ್‌ವಾಲಾ ಬಾಗ್. ಅದಾದ ಮೇಲೆ ಜನರಲ್ ಡಯರ್ ಆ ಗಲ್ಲಿಯಲ್ಲಿ ಹೋಗೋ ಭಾರತೀಯರೆಲ್ಲ ಹೊಟ್ಟೆಯ ಮೇಲೆ ತೆವಳಬೇಕು ಅಂತ ಆಜ್ಞೆ ಮಾಡಿದ. ಗಲ್ಲಿಯಲ್ಲೇ ಮನೆ ಇದ್ದವರೂ ತೆವಳಬೇಕು. ಮಾಡಿದವನು ಯಾರು ಅನ್ನೋದು ಮುಖ್ಯ ಅಲ್ಲ, ಮೈಬಣ್ಣ ಅದೇ ತಾನೆ. ಬಿಸಿಲಿನ ಎದುರು ನಿಂತವನ ಮುಖ ಕಾಣದ ಹಾಗೆ, ಹೆದರಿದ ಸರ್ಕಾರಕ್ಕೂ ಮುಖ ಕಾಣೋದಿಲ್ಲ.

ಸಾವನದುರ್ಗಕ್ಕೂ ಹೆದರಿಕೆಗೂ ಸಿನಿಮಾಕ್ಕಿಂತ ಹಳೇ ನಂಟು ಇದೆ. ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರನ ಗುಡಿ, ಮಾಗಡಿ ಕೆಂಪೇಗೌಡರ ವಂಶದವರ ಕೋಟೆ, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಕೋಟೆ. ಸುತ್ತ ಬಿದಿರಿನ ದಟ್ಟ ಕಾಡು, ಕಾಡಿನಲ್ಲಿ ಜ್ವರ. 'ಸಾವನ' ಅನ್ನೋದರಲ್ಲಿ 'ಸಾವು' ಕೇಳಿಸಿಕೊಂಡ ಬ್ರಿಟಿಷರು ಇದನ್ನು ಸಾವಿನ ಬಂಡೆ ಅಂತಲೇ ಬರೆದರು. ಅವರಲ್ಲಿ ಅರ್ಧ ಜನ ಜ್ವರಕ್ಕೆ, ಅರ್ಧ ಜನ ಗುಂಡಿಗೆ ಸಾಯ್ತಾರೆ ಅಂತ ಟಿಪ್ಪು ನೆಮ್ಮದಿಯಾಗಿದ್ದ ಅನ್ನೋ ಮಾತೂ ಇದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಫಿರಂಗಿಗಳನ್ನು ಕಾಡಿನೊಳಗೆ ಎಳೆದು ತಂದು, ಗೋಡೆ ಒಡೆದು, 21ನೇ ತಾರೀಖು ಬ್ಯಾಂಡ್ ಬಾರಿಸಿಕೊಂಡು ನುಗ್ಗಿತು. ಅಭೇದ್ಯ ಅಂತ ಹೆಸರಾಗಿದ್ದ ಕೋಟೆ ಸುಮಾರು ಒಂದು ಗಂಟೆಯಲ್ಲಿ ಬಿತ್ತು. ದಾಳಿ ಮಾಡಿದವರಿಗೆ ನಷ್ಟ ಇಲ್ಲವೇ ಇಲ್ಲ ಅನ್ನಬಹುದು. ಒಳಗಿದ್ದವರು ಗಾಬರಿಯಲ್ಲಿ ಮೇಲಕ್ಕೆ ಓಡಿದರು, ಎಷ್ಟೋ ಜನ ಬಂಡೆಯಿಂದ ಉರುಳಿ ಸತ್ತರು. ಕೆಲವೇ ದಿನಗಳಲ್ಲಿ ಹುತ್ರಿದುರ್ಗ, ರಾಮಗಿರಿ, ಶಿವನಗಿರಿಗಳೂ ಕೈ ಸೇರಿದವು. ಹೊರಗಿನವರು ಬಂಡೆಗೆ ಹೆದರಿದ್ದರು, ಒಳಗಿನವರು ಬಂಡೆಯನ್ನು ನಂಬಿದ್ದರು. ಇಬ್ಬರೂ ನೋಡಿದ್ದು ಹೆಸರನ್ನು. ತಪ್ಪಿನ ಬೆಲೆ ಕೊಟ್ಟವರು ಮಾತ್ರ ಮೇಲಿಂದ ಬಿದ್ದ ಸಿಪಾಯಿಗಳು.

ಎಲ್ಲಾ ಹೆದರಿಕೆಯೂ ಇಷ್ಟು ದುಬಾರಿ ಆಗೋದಿಲ್ಲ ಅನ್ನಿ. ತೊಂಬತ್ತರ ದಶಕದಲ್ಲಿ ನಾವು ಚಿಕ್ಕವರಿದ್ದಾಗ 'ನಾಳೆ ಬಾ' ಬಂದಿತ್ತು. ರಾತ್ರಿ ದೆವ್ವವೊಂದು ಬಂದು ಗುರುತಿನವರ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದ್ರೆ ಸತ್ತ ಹಾಗೆ. ಅದಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದುಬಿಡೋದು. ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. ನಮ್ಮ ಅಜ್ಜಿಯ ಊರು ಕನಕಪುರದ ಕಡೆ. ಅಲ್ಲಿ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆಯದ ಬಾಗಿಲೇ ಇರಲಿಲ್ಲ. ಬರೆಯೋಕೆ ಬಾರದವರ ಮನೆಗೆ ಹೋಗಿ ಬರೆದುಕೊಡೋದು ನಮ್ಮ ಮಕ್ಕಳ ಗುಂಪಿನ ಕೆಲಸ. ಈಗ ನೆನೆದ್ರೆ ನಗು ಬರುತ್ತೆ, ಯಾಕೆ ಅಂದ್ರೆ ಆ ಹೆದರಿಕೆಗೆ ಗುರಿಯಾದ ಮನುಷ್ಯ ಯಾರೂ ಇರಲಿಲ್ಲ. ಹಾವೂ ಇಲ್ಲ, ಹಗ್ಗವೂ ಇಲ್ಲ. ಖರ್ಚಾಗಿದ್ದು ಸೀಮೆಸುಣ್ಣ.

2018ರಲ್ಲಿ ಬಂದ ಹೆದರಿಕೆಗೆ ಗುರಿ ಇತ್ತು. ಆ ವರ್ಷದ ಬೇಸಿಗೆಯಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸಂದೇಶಗಳು ಹರಿದಾಡಿದವು. ಜೊತೆಗೆ ಒಂದು ವಿಡಿಯೋ. ಸಿಸಿಟಿವಿಯ ಹಾಗೆ ಮಸುಕು ಚಿತ್ರ. ಗಲ್ಲಿಯಲ್ಲಿ ಮಕ್ಕಳು ಆಡ್ತಾ ಇದ್ದಾರೆ. ಬೈಕಿನಲ್ಲಿ ಇಬ್ಬರು ಬರ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಹೋಗೇಬಿಡ್ತಾರೆ. ಅಷ್ಟೇ. ಮಾತೇ ಬೇಕಾಗಿಲ್ಲ, ಬರೀ ಚಿತ್ರ. ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೂ ಬಂತು. ಕೆಳಗೆ ಒಬ್ಬರು "ಇದು ಎಲ್ಲಿ?" ಅಂತ ಕೇಳಿದರು. ಉತ್ತರ ಬರಲಿಲ್ಲ, ಅದೇ ವಿಡಿಯೋ ಇನ್ನೊಬ್ಬರಿಂದ ಮತ್ತೆ ಬಂತು.

ಆ ವಿಡಿಯೋ ಕರಾಚಿಯದು. 2016ರಲ್ಲಿ ಅಲ್ಲಿನ ರೋಶನಿ ಹೆಲ್ಪ್‌ಲೈನ್ ಅನ್ನೋ ಸಂಸ್ಥೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಇಳಿಸ್ತಾರೆ, ಒಬ್ಬ ಒಂದು ಫಲಕ ಎತ್ತಿ ಹಿಡಿಯುತ್ತಾನೆ. ಮಕ್ಕಳು ಕಾಣೆಯಾಗೋದು ಎಷ್ಟು ಸುಲಭ, ಹುಷಾರಾಗಿರಿ ಅನ್ನೋ ಸಂದೇಶ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದರು. ಉಳಿದದ್ದು ಮೂಕಿ ಸಿನಿಮಾದ ಒಂದು ರೀಲು, ಕೊನೆಯ ರೀಲು ಇಲ್ಲದೆ. ನಾಯಿಗೆ ರಂಜಕ ಬಳಿದದ್ದನ್ನು ತೋರಿಸೋ ಭಾಗ ಕಿತ್ತುಹಾಕಿ 'ಬಾಸ್ಕರ್‌ವಿಲ್ಸ್' ತೋರಿಸಿದ್ರೆ ಹೇಗಿರುತ್ತೋ ಹಾಗೆ.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯ ಆಸುಪಾಸಿನಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಜನ ಕೈಕಾಲು ಕಟ್ಟಿ, ಬೀದಿಯಲ್ಲಿ ಎಳೆದು, ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಇನ್ನೊಂದು. ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ಅವರಲ್ಲಿ ಒಬ್ಬ ಕತಾರಿನಿಂದ ಬಂದಿದ್ದ. ಹಂದಿಕೇರಾ ಹತ್ತಿರ ಶಾಲೆ ಬಿಟ್ಟು ಬರ್ತಿದ್ದ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟು ಸಾಕಾಯಿತು. ಕಾರಿನ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಅವರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತು, ರಸ್ತೆ ಬಂದ್ ಆಯಿತು, ಕಾರು ಉರುಳಿತು. 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಅಲ್ಲೇ ಸತ್ತ. ತಡೆಯೋಕೆ ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ನಾವು ವೀಕೆಂಡ್‌ನಲ್ಲಿ ಮಾಡ್ತೀವಲ್ಲ, ಗೆಳೆಯರ ಜೊತೆ ಕಾರು, ಯಾವುದೋ ಹಳ್ಳಿ, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಒಂದಿಷ್ಟು ತಿಂಡಿ, ಅವರು ಮಾಡಿದ್ದೂ ಅದೇ.

ಅದಾದ ಒಂದು ವಾರಕ್ಕೆ ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸೋ ಮಿತಿ ತರ್ತೀವಿ ಅಂತ ಪ್ರಕಟಿಸಿತು. ಪ್ರತಿಧ್ವನಿ ಸ್ವಲ್ಪ ನಿಧಾನ ಆಯಿತು, ನಿಲ್ಲಲಿಲ್ಲ.

ಅಂಕಲ್ ಜೋಶ್‌ನನ್ನು ನೋಡಿ ನಕ್ಕವರ ನೆನಪಿದೆಯಲ್ಲ? ಇಂಥ ಘಟನೆಗಳ ಬಗ್ಗೆ ಓದಿದಾಗ ನಾವೂ "ಹಳ್ಳಿ ಜನ, ಓದು ಇಲ್ಲ, ನಂಬಿಬಿಡ್ತಾರೆ" ಅಂತ ಪಕ್ಕಕ್ಕೆ ಸರಿಸ್ತೀವಿ. ಆದರೆ ಚಾಮರಾಜಪೇಟೆ ಹಳ್ಳಿ ಅಲ್ಲ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಓದದವರು ಒಬ್ಬರೂ ಇಲ್ಲ. ಗೇಟಿನ ಹತ್ತಿರ ನಿಂತ ಹೊಸ ಡೆಲಿವರಿ ಹುಡುಗನ ಫೋಟೋ ತೆಗೆದು "ಇವನು ಯಾರು, ಅನುಮಾನ ಬರ್ತಿದೆ" ಅಂತ ಹಾಕುವವರು ನಮ್ಮ ಹಾಗೇ ಲ್ಯಾಪ್‌ಟಾಪ್ ಮುಂದೆ ಕೆಲಸ ಮಾಡುವವರು. ಹಿಂದಿನಿಂದ ಬೆಳಕು ಬಿದ್ದ ಒಂದು ಫೋಟೋ, ಮುಖ ಸರಿಯಾಗಿ ಕಾಣದ ಒಬ್ಬ ಮನುಷ್ಯ. ಗುಹೆಯ ಬಾಯಿ ಎಲ್ಲಿ ಬೇಕಾದ್ರೂ ಕೊರೆಯಬಹುದು, ಹಿಂದೆ ಗುಹೆ ಇರಲೇಬೇಕು ಅಂತಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋದು ನಮ್ಮ ಹಳೇ ಗಾದೆ. ಮೊಬೈಲ್ ಕಾಲಕ್ಕೆ ಅದನ್ನು ಮೂರು ಸಣ್ಣ ಪ್ರಶ್ನೆ ಮಾಡಿಕೊಳ್ಳಬಹುದು. ಇದು ಎಲ್ಲಿಯದು? ಯಾವತ್ತಿನದು? ಪೂರ್ತಿ ಇದೆಯಾ? ನಮ್ಮ ಗುಂಪಿನಲ್ಲಿ ಆವತ್ತು ಮೊದಲ ಪ್ರಶ್ನೆ ಕೇಳಿದ್ದು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಒಬ್ಬರು. ಉತ್ತರ ಕೊಡೋ ಗೋಜಿಗೆ ಯಾರೂ ಹೋಗಲಿಲ್ಲ. ಅಡೆಲಾಗಾದ್ರೂ ಒಂದು ಕೋರ್ಟು ಸಿಕ್ಕಿತು, ಕಟಕಟೆಯಲ್ಲಿ ನಿಂತು ನಿಧಾನವಾಗಿ ನೆನಪು ಮಾಡಿಕೊಂಡು, ಇಲ್ಲ, ಅವನು ಬರಲಿಲ್ಲ ಅನ್ನೋಕೆ ಸಮಯ ಸಿಕ್ಕಿತು. ಅಜೀಜ್ ಆ ಮಾತು ಕೇಳೋಕೆ ಜೀವಂತ ಇದ್ದ. ಮುರ್ಕಿಯಲ್ಲಿ ಆ ಸಮಯ ಯಾರಿಗೂ ಸಿಗಲಿಲ್ಲ.